ಕುಡಿಯದವನ ಸರ್ಟಿಫಿಕೇಟು

ಚಂದಾಪುರದ ಭಗವಂತಪ್ಪ ಜೀವಮಾನದಲ್ಲಿ ಒಂದು ಹನಿ ಶೆರೆ ಮುಟ್ಟಿದವನಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ಆತನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಮದುವೆಗೆ ಹೋದರೆ ಆತನ ಕಣ್ಣು ಮದುಮಕ್ಕಳ ಮೇಲೆ ಇರುತ್ತಿರಲಿಲ್ಲ. ಪೆಂಡಾಲಿನ ಹಿಂದೆ ಯಾರು ಹೋದರು, ಯಾರು ಬಾಯಿ ಒರೆಸಿಕೊಂಡು ಬಂದರು ಎಂಬುದರ ಮೇಲೆ ಇರುತ್ತಿತ್ತು. ಬಂದವರ ಬಾಯಿ ಮೂಸಿ ಅವರ ಮನೆಗೆ ಸುದ್ದಿ ಮುಟ್ಟಿಸುವುದನ್ನು ಆತ ಸಮಾಜಸೇವೆ ಎಂದು ತಿಳಿದಿದ್ದ.

ಚಿಂಚೋಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಜವಾನನಾಗಿದ್ದ. ಸಾಹೇಬರ ಟೇಬಲ್ಲಿಗೆ ಕಾಗದ ಒಯ್ದು ಸಹಿ ಹಾಕಿಸಿ, ಮೊಹರು ಒತ್ತಿಸಿ ತರುವುದೇ ಕೆಲಸ. ಹಾಗಾಗಿ ಮೊಹರಿಲ್ಲದ ಮಾತು ಮಾತೇ ಅಲ್ಲ ಎಂಬುದು ಆತನ ರಕ್ತದಲ್ಲಿ ಇಳಿದಿತ್ತು. ಅದೇ ಕಚೇರಿಯ ಜೀಪಿನ ಡ್ರೈವರ್ ಖಂಡೆಪ್ಪ. ಸಿಂದಿ, ಶೆರೆ ಎಂಬ ಭೇದಭಾವ ಖಂಡೆಪ್ಪನಿಗೆ ಇರಲಿಲ್ಲ. ಭಗವಂತಪ್ಪ ಚಾಡಿ ಹೇಳಿದ್ದಕ್ಕೆ ಆತ ಹೆಂಡತಿಯಿಂದ ಎಷ್ಟು ಸಲ ಬೈಸಿಕೊಂಡನೋ ಲೆಕ್ಕವಿಲ್ಲ. ಆದರೂ ಇಬ್ಬರೂ ದೋಸ್ತರು.

ರಿಟೈರಾದ ಎರಡನೇ ವರ್ಷ ಭಗವಂತಪ್ಪನ ಹೊಟ್ಟೆ ಮುಂದೆ ಬಂತು. "ಪಿನ್ಶನ್ ಭಾಳ ಮೈಗೆ ಹತ್ಯಾದ ನೋಡ್ರಿ" ಎಂದು ಜನ ಹೊಗಳಿದರು. ಆತನೂ ಹೊಟ್ಟೆ ಸವರಿಕೊಂಡು ನಕ್ಕ. ನಗದವಳು ಹೆಂಡತಿ ಲಾಲಮ್ಮ ಒಬ್ಬಳೇ. ತೋಳು ಕಡ್ಡಿಯಾಗುತ್ತಿದ್ದವು, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು. ಪಾದ ಒತ್ತಿದರೆ ನಾದಿದ ಹಿಟ್ಟಿನಂತೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ರೊಟ್ಟಿ ಬಡಿಯುವ ಕೈಗೆ ಅದು ಕೊಬ್ಬಲ್ಲ, ನೀರು ಎಂದು ತಿಳಿಯಲು ಯಾವ ಮಶೀನೂ ಬೇಕಾಗಲಿಲ್ಲ.

"ಕಲಬುರ್ಗಿಗೆ ಹೋಗಿ ತೋರ್ಸಾಮು, ನಡೀರಿ" ಅಂದಳು.

"ಗ್ಯಾಸ್ ಅದ, ಬಿಡು" ಅಂದ.

ಗ್ಯಾಸ್ ಅಲ್ಲ ಎಂದು ಆತನಿಗೂ ಗೊತ್ತಿತ್ತು. ಹಿಂದಿನ ವರ್ಷ ಆಡಕಿ ಊರಿನಲ್ಲಿ ನೆಂಟ ಅಂಬರೇಶ ಇಂಥದೇ ಹೊಟ್ಟೆ ಹೊತ್ತು ಸತ್ತಾಗ, ಹೆಣದ ಮುಂದೆ ನಿಂತು ಈ ಭಗವಂತಪ್ಪನೇ ತೀರ್ಪು ಕೊಟ್ಟಿದ್ದ: "ಲಿವರ್ ಹೋಗ್ಯಾದ ಅಂದ್ರ ಕುಡ್ದಾನ ಅಂತಲೇ ಅರ್ಥ. ಮಾಡಿದ್ದುಣ್ಣೋ ಮಹರಾಯ." ಈಗ ಆ ಮಾತು ತಿರುಗಿ ಬಂದು ಆತನ ಅಂಗಳದಲ್ಲೇ ಕೂತಿತ್ತು. ಆಸ್ಪತ್ರೆಗೆ ಹೋದರೆ ಲಿವರ್ ಅನ್ನುತ್ತಾರೆ. ಲಿವರ್ ಅಂದರೆ ಊರು ಏನನ್ನುತ್ತದೆ ಎಂಬುದನ್ನು ಊರಿಗೆ ಕಲಿಸಿದವನೇ ಈತ. ನಾಲ್ಕು ತಿಂಗಳು ಜೀರಿಗೆ ನೀರು ಕುಡಿದ, ಯಾರೋ ಕೊಟ್ಟ ಬೇರು ತೇಯ್ದು ನೆಕ್ಕಿದ, ಎರಡು ಸಲ ದೊಡ್ಡ ಅಂಗಿ ಹೊಲಿಸಿದ.

ಕೊನೆಗೆ ಜ್ವರ ಬಂತು, ಹೊಟ್ಟೆನೋವು ಬಂತು, ಮಾತು ತೊದಲಿತು. ಲಾಲಮ್ಮ ಗಂಡನನ್ನು ಕೇಳುವ ಗೋಜಿಗೆ ಹೋಗದೆ ಖಂಡೆಪ್ಪನನ್ನು ಕರೆದಳು. ಆತ ಗಾಡಿ ತಂದ. ಅವತ್ತು ಕುಡಿದಿರಲಿಲ್ಲ, ಬೆಳಗಿನ ಏಳು ಗಂಟೆಯಷ್ಟೇ ಆಗಿತ್ತು.

ಕಲಬುರ್ಗಿಯ ಆಸ್ಪತ್ರೆಯಲ್ಲಿ ಡಾಕ್ಟರ್ ರಾಧಿಕಾ ಹೊಟ್ಟೆ ನೋಡಿ ಕೇಳಿದ ಮೊದಲ ಪ್ರಶ್ನೆ, "ಕುಡೀತೀರೇನ್ರಿ?"

ಜ್ವರದಲ್ಲಿ ಬಿದ್ದಿದ್ದವನು ಎದ್ದು ಕೂತ. "ಒಂದು ಹನಿ ಇಲ್ರಿ!"

ರಕ್ತ ಪರೀಕ್ಷೆಯಾಯಿತು. ಹೆಪಟೈಟಿಸ್ ಬಿ. ಬಹಳ ವರ್ಷದ ಹಿಂದೆಯೇ ಮೈ ಹೊಕ್ಕು, ಲಿವರನ್ನು ಸದ್ದಿಲ್ಲದೆ ಗಟ್ಟಿ ಮಾಡಿ ಕುಗ್ಗಿಸಿದೆ ಎಂದರು. ಅದು ಸೂಜಿಯಿಂದಲೂ ಬರುತ್ತದೆ ಎಂದಾಗ ಭಗವಂತಪ್ಪನಿಗೆ ಹರೆಯದ ದಿನ ನೆನಪಾಯಿತು. ಸೈಕಲ್ ಮೇಲೆ ಸೂಜಿ ಚುಚ್ಚುವವನೊಬ್ಬ ಬರುತ್ತಿದ್ದ. ಇಡೀ ಓಣಿಗೆ ಒಂದೇ ಸೂಜಿ. ನೆಗಡಿಯಾದರೂ ಸೂಜಿ, ಮೈಕೈ ನೋವಾದರೂ ಸೂಜಿ. ಚುಚ್ಚದೆ ಬರೀ ಗುಳಿಗೆ ಕೊಟ್ಟರೆ ಅದು ಇಲಾಜೇ ಅಲ್ಲ ಎಂದು ಜಗಳ ತೆಗೆದು, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವನು ಈತನೇ.

ರಾಧಿಕಾ ಮುಚ್ಚಿಡಲಿಲ್ಲ. "ಹೊಟ್ಯಾಗ ನೀರು ಬಂದ ಮ್ಯಾಲ ಅರ್ಧ ಮಂದಿ ಎರಡು ವರ್ಷ ದಾಟೋದು ಕಷ್ಟರಿ. ನಿಮ್ಮ ನೀರಿಗೆ ನಂಜೂ ಆಗ್ಯಾದ. ನಾಕು ತಿಂಗಳ ಮೊದ್ಲೇ ಬಂದಿದ್ರ ಮಾತು ಬ್ಯಾರೆ ಇತ್ತು. ಇನ್ನ ಉಪ್ಪು ಬಿಡ್ರಿ, ಗುಳಿಗಿ ತಪ್ಪಿಸಬ್ಯಾಡ್ರಿ, ಹೇಳಿದ ತಾರೀಖಿಗೆ ನೀರು ತೆಗೆಸ್ಲಿಕ್ಕ ಬರ್ರಿ."

ಲಾಲಮ್ಮನಿಗೆ ಎರಡು ವರ್ಷ ಅಂದದ್ದು ಕೇಳಿಸಿತು. ಭಗವಂತಪ್ಪನಿಗೆ ಬೇರೇನೋ ಕೇಳಿಸಿತ್ತು.

"ಅಂದ್ರ ಇದು ಕುಡ್ದದ್ದಲ್ಲ?"

"ಅಲ್ರಿ."

"ಬರ್ದು ಕೊಡ್ರಿ. ಮೊಹರು ಹಾಕಿ."

ಇಂಥ ಕಾಗದ ಯಾವ ರೋಗಿಯೂ ಕೇಳಿರಲಿಲ್ಲ. ರಾಧಿಕಾ ನಗು ತಡೆದುಕೊಂಡು ಬರೆದುಕೊಟ್ಟರು.

ಅವತ್ತೇ ಹೊಟ್ಟೆಯಿಂದ ಐದು ಲೀಟರ್ ನೀರು ತೆಗೆದರು. ಬಣ್ಣ ಹಳದಿ. ಬಿಸ್ಕಿಟ್ ಪುಡಿಕೆ ಹಿಡಿದು ನೋಡಲು ಬಂದ ಚಂದಾಪುರದವರು ರೋಗಿಯ ಮುಖ ಬಿಟ್ಟು ಮಂಚದ ಕೆಳಗಿನ ಡಬ್ಬಿ ನೋಡಿದರು. "ಕುಡ್ದದ್ದೆಲ್ಲಾ ಬಂತು ನೋಡ್ರಿ," ಎಂದು ಬಾಗಿಲ ಹೊರಗೆ ಒಬ್ಬ ಪಿಸುಗುಟ್ಟಿದ, "ಬಣ್ಣ ಸೈತ ಬದಲಾಗಿಲ್ಲ!" ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರಂತೆ. ಪಾಪ, ಈತ ಆ ಮರದ ಹತ್ತಿರವೂ ಸುಳಿದಿರಲಿಲ್ಲ.

ಊರಿಗೆ ಬಂದವನೇ ಆ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿದ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ತೆಗೆದು ತೋರಿಸಿದ. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡನಂತ" ಎಂದು ಜನ ನಕ್ಕರು. ಖರೇ ಕುಡಿಯದವನಿಗೆ ಸರ್ಟಿಫಿಕೇಟು ಯಾಕೆ ಬೇಕು?

ನೀರು ತೆಗೆಸುವ ತಾರೀಖು ಬಂತು. ಅದೇ ದಿನ ಸೇಡಂನಲ್ಲಿ ಬೀಗರ ಮನೆಯ ಮದುವೆ. ಐನೂರು ಮಂದಿ ಒಂದೇ ಕಡೆ ಸಿಗುತ್ತಾರೆ! ಲಾಲಮ್ಮ ಕೈ ಮುಗಿದಳು, ಅತ್ತಳು. ಗಂಡ ಉಪ್ಪು ಬಿಟ್ಟ ದಿನದಿಂದ ಆಕೆಯೂ ಸಪ್ಪನೆ ಬೇಳೆ ಉಣ್ಣುತ್ತಿದ್ದಳು. ಅದು ಆತನಿಗೆ ಕಂಡಿರಲಿಲ್ಲ. ಆತನ ಕಣ್ಣೆಲ್ಲ ಮೊಹರಿನ ಮೇಲಿತ್ತು. ಅಂತೂ ಆಕೆಯನ್ನೂ ಕರೆದುಕೊಂಡು ಮದುವೆಗೆ ಹೋಗಿ, ತುಂಬಿದ ಹೊಟ್ಟೆ ಹೊತ್ತು ಪೆಂಡಾಲು ಸುತ್ತಿ, ಏದುಸಿರು ಬಿಡುತ್ತ ಕಾಗದ ತೋರಿಸತೊಡಗಿದ. ಜನ ಓದಿದಂತೆ ಮಾಡಿ ಹೊಟ್ಟೆ ನೋಡಿದರು.

ಆಗ ಪೆಂಡಾಲಿನ ಹಿಂದಿನಿಂದ ಬಾಯಿ ಒರೆಸಿಕೊಳ್ಳುತ್ತ ಖಂಡೆಪ್ಪ ಬಂದ. ದೋಸ್ತನ ಸುತ್ತ ನಗುವವರನ್ನು ಕಂಡು ಆತನಿಗೆ ರೇಗಿತು.

"ಏ, ಇಲ್ಲಿ ಕೇಳ್ರಿ! ಚಿಂಚೋಳಿಯಿಂದ ವಾಡಿ ತನಕ ನಾ ಹೊಗದ ಶೆರೆ ಅಂಗಡಿ ಇಲ್ಲ. ಮೂವತ್ತು ವರ್ಷದಾಗ ಈ ಮಗನ್ನ ಒಂದರಾಗೂ ಕಂಡಿಲ್ಲ. ಕುಡಿದಿದ್ರ ನನಗ ತಿಳೀತಿದ್ದಿಲ್ಲೇನು?"

ಒಬ್ಬ ಹಿರಿಯ ತಲೆದೂಗಿದ: "ಹೌದಪ್ಪ, ಖಂಡೆಪ್ಪಗ ತಿಳೀದೇ ಇರ್ತದೇನು?" ಮೊಹರು ನಂಬದ ಊರು ಕುಡುಕನ ಮಾತನ್ನು ನಂಬಿತು. ಯಾರ ಬಾಯಿ ಮೂಸಿ ಮೂವತ್ತು ವರ್ಷ ಚಾಡಿ ಹೇಳಿದ್ದನೋ ಅದೇ ಬಾಯಿ ಭಗವಂತಪ್ಪನ ಮಾನ ಉಳಿಸಿತು. ಆತನಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು.

"ಹೆಸರು ಉಳೀತಲ್ಲ? ಇನ್ನ ನಡಿ" ಎಂದು ಖಂಡೆಪ್ಪ ಬೇರೆಯವರ ಕೈಗೆ ಸ್ಟೇರಿಂಗ್ ಕೊಟ್ಟು, ದೋಸ್ತನನ್ನೂ ಲಾಲಮ್ಮನನ್ನೂ ಗಾಡಿ ಹತ್ತಿಸಿ ನೇರ ಕಲಬುರ್ಗಿಗೆ ನಡೆದ.

ನೀರು ತೆಗೆದ ಮೇಲೆ ಭಗವಂತಪ್ಪ ಜೇಬಿಗೆ ಕೈ ಹಾಕಿದ. ರಾಧಿಕಾ ಅಂದರು, "ಮತ್ತ ಮೊಹರು ಬೇಕೇನ್ರಿ?"

"ಬ್ಯಾಡ್ರಿ ಮೇಡಮ್ರ. ಮುಂದಿನ ತಾರೀಖು ಬರ್ದು ಕೊಡ್ರಿ, ಸಾಕು." ಲ್ಯಾಮಿನೇಶನ್ ಕಾಗದವನ್ನು ತೆಗೆದು ಆಸ್ಪತ್ರೆಯ ಚೀಟಿಯ ಕೆಳಗೆ ಬರೆಯಲು ಆನಿಕೆಯಾಗಿ ಇಟ್ಟ. ಅವರು ಬರೆದರು. ಆತ ಅದನ್ನು ಓದಿ, ಲಾಲಮ್ಮನ ಕೈಗೆ ಕೊಟ್ಟು, ಮತ್ತೆ ಕೇಳಿದ:

"ಅದರ ಮುಂದಿಂದೂ ಬರ್ದು ಬಿಡ್ರಲ್ಲ. ಇನ್ನ ಒಂದೂ ತಪ್ಪಿಸಂಗಿಲ್ಲ."

ರಾಧಿಕಾ ಪೆನ್ನಿಗೆ ಮುಚ್ಚಳ ಹಾಕಿದರು.

"ಮೊದ್ಲು ಇದಕ್ಕ ಬರ್ರಿ" ಅಂದರು.