ಆವರಣದೊಳಗಿನ ಮೈನಸ್ಸು

ಬೆಳಿಗ್ಗೆ ಮೊಮ್ಮಗಳ ಬೀಜಗಣಿತದ ಪುಸ್ತಕ ತಿರುವುವಾಗ ಶಿಡ್ಲಘಟ್ಟದ ನಮ್ಮ ಶಾಲೆ ನೆನಪಾಯಿತು. ಆ ದಿನ 5x ನಿಂದ (2x − 3) ಕಳೆಯಬೇಕಿತ್ತು. ನಾನು ಚಿಹ್ನೆ ಬದಲಿಸಿ, ಸಜಾತಿ ಪದಗಳನ್ನು ಕೂಡಿಸಿ 3x + 3 ಎಂದು ಬರೆದಿದ್ದೆ. ಮೇಷ್ಟ್ರು ಅದನ್ನು ಹೊಡೆದುಹಾಕಿ 3x − 3 ಎಂದು ತಿದ್ದಿದರು.

“ಕಳೆಯುವಾಗ ಒಳಗಿನ ಮೈನಸ್ಸು ಪ್ಲಸ್ಸಾಗತ್ತಲ್ವಾ ಸಾರ್?” ಎಂದೆ.

“ನನಗೇ ಹೇಳ್ಕೊಡ್ತೀಯೇನಮ್ಮ? ನಿಂತ್ಕೊ,” ಎಂದರು.

ಗಂಟೆ ಹೊಡೆಯುವವರೆಗೂ ನಿಂತಿದ್ದೆ. ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದ ಅಪ್ಪನಿಗೆ ಹೇಳಿದರೆ, “ಮೇಷ್ಟ್ರು ತಪ್ಪು ಮಾಡ್ತಾರೇನಮ್ಮ?” ಎಂದು ತಲೆಯೆತ್ತದೆ ಕೇಳಿದರು.

ಮರುದಿನ ಮೇಷ್ಟ್ರು ಬೋರ್ಡಿನ ಮೇಲೆ ಅದೇ ಲೆಕ್ಕ ಬಿಡಿಸಿ 3x + 3 ಎಂದು ಬರೆದರು. ನನ್ನತ್ತ ನೋಡಲೂ ಇಲ್ಲ.

ಈ ವಯಸ್ಸಿನಲ್ಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. “ನೀನು ಹೇಳಿದ್ದೇ ಸರಿ ಕಣಮ್ಮ” ಎಂಬ ಒಂದು ಮಾತು ಸಾಕಿತ್ತು. ಈಗ ಅದನ್ನು ಯಾರ ಹತ್ತಿರ ಕೇಳಲಿ?