ಆರನೇ ಕೋಣೆಯ ಜರಿಹುಳು

"ಅದು ಜಿರಳೆ ತಿನ್ನುತ್ತದೆ, ಇರಲಿ ಬಿಡಿ" ಎಂದು ಹಿಂದೊಮ್ಮೆ ಯಾರೋ ಹೇಳಿದ್ದರು. ಆ ಮಾತು ಕೇಳಬೇಕಿತ್ತು, ಗೆಳೆಯರೇ. ಬ್ರಹ್ಮಾವರದ ಒಂದು ಕಾಲೇಜು ಹಾಸ್ಟೆಲ್ಲಿಗೆ ನಾನು ವಾರ್ಡನ್. ಹೊಸದಾಗಿ ಸೇರಿದ ನಾವುಂದದ ಹುಡುಗಿ ಇಂದು ತನ್ನ ಕೋಣೆಯ ಗೋಡೆಯ ಮೇಲಿನ ಜರಿಹುಳು ತೋರಿಸಿ, "ನಾ ಇಲ್ ಇಪ್ಪುದಿಲ್ಲೆ ಮೇಡಂ, ಅಪ್ಪಯ್ಯಂಗೆ ಬಪ್ಪುಕೆ ಹೇಳಿದ್ದೆ" ಎಂದಳು. ನಾನು ಕಸ ಗುಡಿಸುವ ಹಿಡಿಸೂಡಿಯಿಂದ ಹೊಡೆದು ಕೊಂದೆ. ಅವಳು ಅಳತೊಡಗಿದಳು.

ಮೀನಿನ ಕೆಲಸ ಬಿಟ್ಟು ಬಸ್ಸು ಹಿಡಿದು ಬಂದ ಅಪ್ಪ ಸತ್ತ ಹುಳ ನೋಡಿ ನಕ್ಕರು. "ಸತ್ತ್ ಹೋಯ್ತಲೆ ಮಗಾ, ಇನ್ನೆಂತ ಹೆದ್ರಿಕಿ?" ಎಂದು ಹೇಳಿ, ಬಂದ ಹಾಗೆಯೇ ಹೊರಟುಹೋದರು.

ಹುಡುಗಿ ನನ್ನನ್ನು ಕೇಳಿದಳು: "ಇನ್ನ್ ಎಂತ ಹೇಳಿ ಮನಿಗ್ ಹೋಪುದ್ ಮೇಡಂ?"

ಅವಳು ಊಟಕ್ಕೂ ಬಂದಿಲ್ಲ. ಜರಿಹುಳುವೇ, ಆ ಕೋಣೆಯಲ್ಲಿ ನಿನ್ನ ಬಳಗದವರು ಒಬ್ಬರೂ ಉಳಿದಿಲ್ಲವೇ?