ಸದ್ದಿಲ್ಲದೆ ರೊಟ್ಟಿ ಮಾಡೋದು ಹೇಗೆ?

ನಮ್ಮ ಮೇಲಿನ ಫ್ಲ್ಯಾಟಿನ ಲೂಸಿಯಾ ಹುಟ್ಟಿದ್ದು ಉರುಗ್ವೆಯಲ್ಲಿ, ಬೆಳೆದದ್ದು ಪಕ್ಕದ ಅರ್ಜೆಂಟೀನಾದಲ್ಲಿ. ಎರಡೂ ಕಡೆ ಸ್ಪ್ಯಾನಿಷ್, ನೋಡೋಕೂ ಒಂದೇ ಥರದ ಜನ. ‘ಮತ್ತೆ ನೀವು ಹೊರಗಿನವರು ಅಂತ ಅಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ?’ ಅಂತ ಕೇಳಿದೆ.

‘ಥರ್ಮಾಸಿನಿಂದ’ ಅಂದಳು.

ಎರಡೂ ದೇಶದವರು ಅದೇ ಕಹಿ ಎಲೆಯ ಕಷಾಯ ಕುಡೀತಾರಂತೆ. ಆದರೆ ಬಿಸಿನೀರಿನ ಥರ್ಮಾಸನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆಯಲ್ಲಿ ಓಡಾಡೋರು ಉರುಗ್ವೆಯವರಂತೆ. ವಲಸೆ ಹೋದ ಹೊಸದರಲ್ಲಿ ಅವಳಪ್ಪ ಕೆಲಸ ಹುಡುಕುವಾಗ ಅದನ್ನು ಬ್ಯಾಗಿನೊಳಗೆ ಬಚ್ಚಿಡುತ್ತಿದ್ದನಂತೆ.

ನಾನು ನಕ್ಕೆ. (ನಗಬಾರದಿತ್ತು.)

ಯಾಕೆಂದರೆ ಇಲ್ಲಿ ಗೋವಾದ ಮಡಗಾಂವ್‌ನಲ್ಲಿ ನಾವೂ ಬಾಡಿಗೆ ಮನೆ ಹುಡುಕುತ್ತಿದ್ದೆವು. ಈಗಿನ ಮಾಲೀಕರು ಕಟ್ಟಡ ಮಾರಿದ್ದಾರೆ, ತಿಂಗಳ ಕೊನೆಗೆ ಖಾಲಿ ಮಾಡಬೇಕು. ಮಗಳ ಶಾಲೆಯ ಹತ್ತಿರ ಸಿಕ್ಕಿದ್ದು ಒಂದೇ ಮನೆ. ಅದರ ಒಡತಿ ನನ್ನ ಕೊಂಕಣಿ ಕೇಳಿ ಫೋನಿನಲ್ಲೇ ಹೇಳಿಬಿಟ್ಟರು: ‘ಘಟ್ಟದ ಮೇಲಿನವರಿಗೆ ನಾನು ಕೊಡಲ್ಲ. ನೀವು ಕಾರವಾರದವರಲ್ವಾ?’

ಅಪ್ಪಟ ಧಾರವಾಡದ ನಾನು ‘ಹ್ಞೂಂ’ ಅಂದೆ! (ಆಧಾರ್‌ನಲ್ಲಿ ಗೋವಾದ ವಿಳಾಸವೇ ಇದೆ, ಪುಣ್ಯಕ್ಕೆ.)

‘ನಾಳೆ ಬೆಳಿಗ್ಗೆ ಬರ್ತೀನಿ. ಈಗಿರೋ ಮನೆ ಹೇಗೆ ಇಟ್ಕೊಂಡಿದ್ದೀರಿ ನೋಡಬೇಕು’ ಅಂದರು.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ನಮ್ಮತ್ತೆ ಜೋಳದ ಹಿಟ್ಟು ನಾದುತ್ತಿದ್ದಾರೆ. ಅವರು ರೊಟ್ಟಿ ಬಡಿದರೆ ಗೇಟಿನವರೆಗೂ ಕೇಳುತ್ತೆ. ಆ ಸದ್ದು ಕೇಳಿದ ಮೇಲೆ ನಮ್ಮ ಊರು ಯಾವುದು ಅಂತ ಬೇರೆ ಹೇಳಬೇಕೇ?

‘ಅತ್ತಿ, ಇವತ್ತೊಂದಿನ ರೊಟ್ಟಿ ಬ್ಯಾಡ್ರಿ. ಪಾವ್ ತಂದೇನಿ.’

‘ಯಾಕವಾ, ಹಿಟ್ಟು ಕೆಟ್ಟೈತೇನು?’

‘ಇಲ್ರಿ. ಸಪ್ಪಳ ಆಗತೈತಿ. ಆ ಮನಿಯವ್ರು ಬರಾಕತ್ತಾರ.’

ಅತ್ತೆ ನನ್ನ ಮುಖ ನೋಡಿದರು. ಹಿಟ್ಟು ಮುಚ್ಚಿಟ್ಟು, ಕೈ ತೊಳೆದುಕೊಂಡು ಒಳಗೆ ಹೋಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಒಡತಿ ಬಂದರು. ಬಾತ್‌ರೂಮು ನೋಡಿದರು, ಸಿಂಕಿನ ಕೆಳಗೂ ಬಗ್ಗಿದರು. ಅತ್ತೆ ಒಳಗಿನಿಂದ ಒಂದು ಮಾತಾಡಿದರೂ ಕತೆ ಮುಗೀತು ಅಂತ ಆ ಕೋಣೆಯ ಬಾಗಿಲು ಎಳೆದುಕೊಂಡೆ.

‘ಎಷ್ಟು ಶಾಂತವಾದ ಮನೆ!’ ಅಂದರು ಅವರು. ‘ನಮ್ಮ ಪಕ್ಕದವರು ಬೆಳಗಾದರೆ ಸಾಕು, ಧಬಧಬ ಅಂತ ರೊಟ್ಟಿ ಬಡೀತಾರೆ. ಶುಕ್ರವಾರ ಬಂದು ಕೀ ತಗೊಳ್ಳಿ.’

ಮನೆ ಸಿಕ್ಕಿತು. ಖುಷಿಯಾಗಬೇಕಿತ್ತಲ್ಲವೇ? ಸಂಜೆ ಲೂಸಿಯಾಗೆ ಎಲ್ಲ ಹೇಳಿದೆ. ಅವಳಪ್ಪನಿಗೆ ಈಗ ಅರ್ಜೆಂಟೀನಾದಲ್ಲೇ ಸ್ವಂತ ಮನೆ, ಸ್ವಂತ ಅಂಗಡಿ ಇದೆಯಂತೆ. ಥರ್ಮಾಸು ಮಾತ್ರ ಇವತ್ತಿಗೂ ಬ್ಯಾಗಿನಲ್ಲೇ. ‘ಈಗ ಯಾರ ಹೆದರಿಕೆ?’ ಅಂದೆ. ‘ಅವನಿಗೇ ಗೊತ್ತಿಲ್ಲ’ ಅಂದಳು. ಅದನ್ನು ಕೇಳಿ ನನಗೆ ಇನ್ನಷ್ಟು ಭಯವಾಯಿತು.

ಈಗ ಸಾಮಾನು ಕಟ್ಟುತ್ತಿದ್ದೇವೆ. ನಿನ್ನೆ ಅತ್ತೆ ರೊಟ್ಟಿ ಹಂಚನ್ನು ಕೈಯಲ್ಲಿ ಹಿಡಿದು ನನ್ನೆದುರು ನಿಂತರು.

‘ಖರೇ ಹೇಳವಾ, ಬಾಡಿಗಿ ಕೊಟ್ಟೂ ಕಳ್ಳರಂಗ ಉಣಬೇಕೇನು ನಾವು?’